ಎರವಲು ನಾಣ್ಯ, ಸ್ವಂತ ತೀರ್ಮಾನ: ಲಿಕ್ಟೆನ್‌ಸ್ಟೈನ್ ಕುರಿತು

ಎಲ್ಲರಿಗೂ ನಮಸ್ಕಾರ. ಲಿಕ್ಟೆನ್‌ಸ್ಟೈನ್ ಹೆಸರು ನಮ್ಮ ಕಿವಿಗೆ ಬೀಳುವುದು ಎರಡೇ ಕಡೆ: ಕ್ವಿಜ್‌ನಲ್ಲಿ, ಇಲ್ಲವೇ ಕಪ್ಪುಹಣದ ಸುದ್ದಿಯಲ್ಲಿ. ಅಲ್ಲಿನ ಖಾತೆದಾರರ ಪಟ್ಟಿ ನಮ್ಮ ಸುಪ್ರೀಂ ಕೋರ್ಟಿಗೂ ಬಂದಿತ್ತು, ನಿಜ. ಆದರೆ ಆ ದೇಶದಲ್ಲಿ ನಾವು ಗಮನಿಸಬೇಕಾದದ್ದು ಬೇರೆಯೇ ಇದೆ. ಯಾವುದನ್ನು ನೆರೆಯವರಿಂದ ಎರವಲು ತರಬಹುದು, ಯಾವುದನ್ನು ಯಾರ ಕೈಗೂ ಕೊಡಬಾರದು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದಾರೆ.

160 ಚದರ ಕಿಲೋಮೀಟರ್, ಸುಮಾರು 40 ಸಾವಿರ ಜನ, 11 ಊರುಗಳು. ಒಂದು ಕಡೆ ಸ್ವಿಟ್ಜರ್ಲೆಂಡ್, ಇನ್ನೊಂದು ಕಡೆ ಆಸ್ಟ್ರಿಯಾ. ಆ ಎರಡಕ್ಕೂ ಕಡಲಿಲ್ಲ. ಹಾಗಾಗಿ ಇಲ್ಲಿನವರು ಕಡಲು ಮುಟ್ಟಬೇಕಾದರೆ ಕನಿಷ್ಠ ಎರಡು ಗಡಿ ದಾಟಲೇಬೇಕು. ಉಜ್ಬೇಕಿಸ್ತಾನ ಬಿಟ್ಟರೆ ಬೇರಾವ ದೇಶಕ್ಕೂ ಈ ಪಾಡಿಲ್ಲ.

ದೇಶ ಹುಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಿಕ್ಟೆನ್‌ಸ್ಟೈನ್ ಎಂಬುದು ಮೊದಲು ಊರಿನ ಹೆಸರಲ್ಲ, ಮನೆತನದ ಹೆಸರು. ಅದು ಬಂದದ್ದು ವಿಯೆನ್ನಾ ಬಳಿಯ ಒಂದು ಕೋಟೆಯಿಂದ. ಮನೆತನಕ್ಕೆ ಜಮೀನು ಬೇಕಾದಷ್ಟಿತ್ತು, ಆಗಿನ ಪವಿತ್ರ ರೋಮನ್ ಸಾಮ್ರಾಜ್ಯದ ರಾಜಸಭೆಯಲ್ಲಿ ಆಸನ ಮಾತ್ರ ಇರಲಿಲ್ಲ. ಚಕ್ರವರ್ತಿಗೆ ನೇರವಾಗಿ ಅಧೀನವಾದ ನೆಲ ಇದ್ದವರಿಗಷ್ಟೇ ಆಸನ. ಅದಕ್ಕಾಗಿ ಮನೆತನದ ಯಜಮಾನ ಯೋಹಾನ್ ಆಡಮ್ ಆಂಡ್ರಿಯಾಸ್ 1699ರಲ್ಲಿ ಅಂಥ ನೆಲವಾದ ಶೆಲೆನ್‌ಬರ್ಗನ್ನು 1,15,000 ಗುಲ್ಡನ್‌ಗೆ ಕೊಂಡ. ಅಷ್ಟು ನೆಲ ಸಾಲಲಿಲ್ಲ. 1712ರಲ್ಲಿ 2,90,000 ಕೊಟ್ಟು ಇಂದಿನ ರಾಜಧಾನಿ ಇರುವ ಪಕ್ಕದ ವಡೂಜ್ ಕೊಂಡ, ಅದೇ ವರ್ಷ ತೀರಿಹೋದ. ಎರಡನ್ನೂ ಸೇರಿಸಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಸಂಸ್ಥಾನವೆಂದು ಸಾರಿದ್ದು 1719ರಲ್ಲಿ. ಇನ್ನೂ ಕೇಳಿ: ಆಳುವ ರಾಜ ವಡೂಜ್‌ಗೆ ಬಂದು ನೆಲೆಸಿದ್ದು 1938ರಲ್ಲಿ! ಇನ್ನೂರು ವರ್ಷಕ್ಕೂ ಮಿಕ್ಕಿ ಯಜಮಾನರು ಬೇರೆ ಊರಲ್ಲೇ ಇದ್ದರು.

ಈಗ ಎರವಲಿನ ಮಾತಿಗೆ ಬರುತ್ತೇನೆ. 1852ರಿಂದ ಆಸ್ಟ್ರಿಯಾದ ಜತೆ ಸುಂಕದ ಒಪ್ಪಂದವಿತ್ತು. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದ ಕ್ರೋನ್ ಬೆಲೆ ಕುಸಿಯಿತು, ಜನರ ಉಳಿತಾಯವೂ ಅದರೊಂದಿಗೆ ಕರಗಿತು. 1919ರಲ್ಲಿ ಒಪ್ಪಂದ ಮುರಿದು ಸ್ವಿಟ್ಜರ್ಲೆಂಡ್ ಕಡೆ ತಿರುಗಿದರು. ಅವರೊಂದಿಗಿನ ಸುಂಕದ ಒಪ್ಪಂದಕ್ಕೆ 1923ರಲ್ಲಿ ಸಹಿ, 1924ರ ಜನವರಿ 1ರಿಂದ ಜಾರಿ. ಅಂದಿನಿಂದ ಚಲಾವಣೆ ಸ್ವಿಸ್ ಫ್ರಾಂಕ್‌ನದು, ಸುಂಕದ ನಿಯಮ ಸ್ವಿಸ್ಸರದು.

ಆದರೆ ತೀರ್ಮಾನವೂ ಸ್ವಿಸ್ಸರದೇ ಎಂದುಕೊಳ್ಳಬೇಡಿ. 1992ರ ಡಿಸೆಂಬರ್ 6ರಂದು ಸ್ವಿಸ್ ಮತದಾರರು ಯುರೋಪಿಯನ್ ಆರ್ಥಿಕ ವಲಯ, ಅಂದರೆ ಯುರೋಪಿನ ಹಲವು ದೇಶಗಳ ಒಂದೇ ಮಾರುಕಟ್ಟೆ, ಬೇಡವೆಂದರು. ಮುಂದಿನ ಭಾನುವಾರವೇ ಲಿಕ್ಟೆನ್‌ಸ್ಟೈನ್ ಮತದಾರರು ಬೇಕೆಂದರು! ತೊಡಕು ಇಲ್ಲೇ: ಸ್ವಿಸ್ ಗಡಿಯಲ್ಲಿ ತಪಾಸಣೆ ಇಲ್ಲ, ಈಗ ಎರಡು ಬಗೆಯ ನಿಯಮದ ಸರಕು ಒಂದೇ ಅಂಗಡಿಯಲ್ಲಿ. ವಲಯದ ಸರಕು ಸುಂಕ ತಪ್ಪಿಸಿ ಸ್ವಿಟ್ಜರ್ಲೆಂಡ್‌ಗೆ ಸೋರಿದರೆ ಹಳೆಯ ಒಪ್ಪಂದವೇ ಬೀಳುತ್ತದೆ. ಪರಿಹಾರವಾಗಿ ಎರಡೂ ಕಡೆಯ ಸರಕಿಗೆ ಒಳಗೆ ಮಾರಾಟದ ಅವಕಾಶ ಕೊಟ್ಟರು, ಸೋರಿಕೆ ತಡೆಯುವ ಹೊಣೆಯನ್ನು ತಾವೇ ಹೊತ್ತರು. ಒಪ್ಪಂದ ತಿದ್ದಿಸಿಕೊಂಡು, ಇನ್ನೊಮ್ಮೆ ಜನರನ್ನು ಕೇಳಿ, 1995ರ ಮೇ 1ರಂದು ವಲಯ ಸೇರಿದರು. ನಾಣ್ಯ ಎರವಲು, ಮತ ಸ್ವಂತ. ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದನ್ನೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಸಂಸತ್ತಿನಲ್ಲಿ 25 ಸದಸ್ಯರು. ಕಾನೂನಿನ ಬಗ್ಗೆ ಜನಮತ ಕೇಳಲು 1,000 ಸಹಿ ಸಾಕು, ಸಂವಿಧಾನದ ವಿಷಯಕ್ಕೆ 1,500. ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1984ರಲ್ಲಿ. ಅಷ್ಟು ತಡವಾದದ್ದು ಅವರ ಇತಿಹಾಸದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಸೈನ್ಯವನ್ನು 1868ರಲ್ಲೇ ವಿಸರ್ಜಿಸಿದರು.

ಹೋಗುವವರಿಗೆ ಒಂದು ಮಾತು. ವಿಮಾನ ನಿಲ್ದಾಣ ಇಲ್ಲ, ವಡೂಜ್‌ನಲ್ಲಿ ರೈಲು ನಿಲ್ದಾಣವೂ ಇಲ್ಲ. ಜ್ಯೂರಿಕ್‌ನಿಂದ ಸಾರ್ಗನ್ಸ್‌ಗೆ ರೈಲು, ಅಲ್ಲಿಂದ ಬಸ್ಸು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಸಾಕು, ಜೇಬಿನಲ್ಲಿ ಫ್ರಾಂಕ್ ಇರಲಿ.