ಹಿಂದಿನ ಓಣಿ, ಎರಡನೇ ಲಿಫ್ಟು

ನಮಸ್ಕಾರ. ಇವತ್ತು ಒಂದು ಓಣಿಯಿಂದ ಶುರು ಮಾಡೋಣ.

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಓಡಾಡಿದವರು ನೋಡಿರುತ್ತೀರಿ. ಎರಡು ಸಾಲು ಮನೆಗಳ ಹಿತ್ತಲು ಸೇರುವ ಕಡೆ ಒಂದು ಕಿರಿದಾದ ದಾರಿ ಇರುತ್ತದೆ. ಎದುರಿಗೆ ಸ್ಕೂಟರ್ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಇದಕ್ಕೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಬಸವನಗುಡಿಯಲ್ಲೂ ಇವೆ. ಇತ್ತೀಚೆಗೆ ಮಲ್ಲೇಶ್ವರದಲ್ಲಿ ಒಂದೆರಡು ಓಣಿಗಳಿಗೆ ಬಣ್ಣ ಬಳಿದು ಚಿತ್ರ ಬರೆದಿದ್ದಾರೆ. ಜನ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಓಣಿ ಯಾಕೆ ಬಂತು ಗೊತ್ತಾ? ಆಗೆಲ್ಲ ಕಕ್ಕಸು ಹಿತ್ತಲಲ್ಲಿ ಇರುತ್ತಿತ್ತು. ಅದನ್ನು ಬಾಚಿಕೊಂಡು ಹೋಗುವವರು ದಿನಾ ಬರಬೇಕಿತ್ತು. ಆದರೆ ಅವರು ಮುಂಬಾಗಿಲ ಕಡೆಯಿಂದ ಬರುವ ಹಾಗಿರಲಿಲ್ಲ, ಅಲ್ಲಿ ರಂಗೋಲಿ ಇರುತ್ತದಲ್ಲ. ಹಾಗಾಗಿ ಬಡಾವಣೆಯ ನಕ್ಷೆ ಬರೆಯುವಾಗಲೇ ಅವರಿಗೊಂದು ಬೇರೆ ದಾರಿ ಬರೆದುಬಿಟ್ಟರು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಜನ ಊರಾಚೆ ಓಡಿದ ಮೇಲೆ ಬೆಳೆದ ಬಡಾವಣೆಗಳಿವು. ಗಾಳಿ, ಬೆಳಕು, ಅಗಲವಾದ ರಸ್ತೆ, ಎಲ್ಲವನ್ನೂ ಯೋಚಿಸಿದ್ದರು. ಯಾವ ಜಾತಿಯವರಿಗೆ ಯಾವ ಕಡೆ ಸೈಟು ಅನ್ನುವುದನ್ನೂ ಯೋಚಿಸಿದ್ದರು. ತಲೆ ಮೇಲೆ ಮಲ ಹೊರಿಸುವುದನ್ನು ಈ ರಾಜ್ಯ ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ. ಅಷ್ಟು ದಶಕ ಆ ಓಣಿಗೆ ಪುರುಸೊತ್ತೇ ಇರಲಿಲ್ಲ.

ಈಗ ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಬೆಂಗಳೂರಿನ ಹೊರವಲಯ, 14 ಮಹಡಿ, ಎರಡು ಲಿಫ್ಟು. ಒಂದರ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ‘ಮನೆಕೆಲಸದವರು, ಡೆಲಿವರಿಯವರು ದಯವಿಟ್ಟು ಇನ್ನೊಂದು ಲಿಫ್ಟ್ ಬಳಸಿ.’ ಆ ಇನ್ನೊಂದರಲ್ಲೇ ಕಸದ ಡಬ್ಬ ಇಳಿಯುತ್ತದೆ. ನಾಯಿಗಳಿಗೆ ಯಾವ ಲಿಫ್ಟು ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಎರಡು ಗಂಟೆ ಜಗಳ ಆಯಿತು. ಕೆಲಸದವರ ವಿಷಯ ಎರಡು ನಿಮಿಷಕ್ಕೆ ಮುಗಿಯಿತು. ಅದರಲ್ಲಿ ಜಗಳ ಆಡುವಂಥದ್ದು ಯಾರಿಗೂ ಏನೂ ಕಾಣಲಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು ನಾನು ಅಕ್ಕ ಅನ್ನುತ್ತೇನೆ. ಅವರೂ ನನ್ನನ್ನು ಅಕ್ಕ ಅನ್ನುತ್ತಾರೆ. ಯಾರು ದೊಡ್ಡವರು ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಒಂದು ದಿನ ಅವರು ಏದುಸಿರು ಬಿಡುತ್ತಾ ಬಂದರು. ಅವರ ಲಿಫ್ಟು ಕೆಟ್ಟಿತ್ತಂತೆ. ಇನ್ನೊಂದನ್ನು ಹತ್ತಿದರೆ ಸೆಕ್ಯೂರಿಟಿಯವನು ಇಳಿಸಿದನಂತೆ. ನಮ್ಮದು ಒಂಬತ್ತನೇ ಮಹಡಿ. ನನಗೆ ಸಿಟ್ಟು ಬಂತು. ಅವರು ಸೆರಗಲ್ಲಿ ಮುಖ ಒರೆಸಿಕೊಂಡು, ‘ಹೋಗ್ಲಿ ಬಿಡಕ್ಕ, ಆ ಹುಡುಗನ್ನ ಬೈಬೇಡ. ಅವನೂ ನಮ್ ಥರಾನೇ, ಅದೇ ಲಿಫ್ಟಲ್ಲೇ ಬರೋದು’ ಅಂದರು.

ನೋಡಿ, ಇಲ್ಲಿ ಕೆಲವರು ಹೇಳುವ ಮಾತು ನನಗೆ ಗೊತ್ತು. ‘ಮುಂಚೆ ಎಷ್ಟು ಚೆನ್ನಾಗಿತ್ತು, ವಠಾರದಲ್ಲಿ ಎಲ್ಲರೂ ಒಂದೇ ಮನೆಯವರ ಥರ ಇದ್ವಿ.’ ನಾನು ಬೆಳೆದದ್ದೂ ವಠಾರದಲ್ಲೇ. ಎಂಟು ಮನೆ, ಒಂದು ನಲ್ಲಿ. ಸಾರು ಮಾಡಿದರೆ ಪಕ್ಕದ ಮನೆಗೂ ಒಂದು ಬಟ್ಟಲು ಹೋಗುತ್ತಿತ್ತು, ನಿಜ. ಆದರೆ ಆ ಎಂಟು ಮನೆಯಲ್ಲಿ ಇದ್ದವರು ಯಾರು? ಮನೆ ಕೇಳಿಕೊಂಡು ಬಂದವರಿಗೆ ಓನರಜ್ಜಿ ಮೊದಲು ನೀರು ಕೊಟ್ಟು ಕೂರಿಸುತ್ತಿದ್ದರು. ಬಾಡಿಗೆ, ಅಡ್ವಾನ್ಸು ಎಲ್ಲ ಆಮೇಲೆ. ಮೊದಲನೇ ಪ್ರಶ್ನೆ, ‘ನಿಮ್ಮ ಮನೆದೇವ್ರು ಯಾವುದಪ್ಪಾ?’ ಅಷ್ಟು ಸಾಕಿತ್ತು. ಉತ್ತರ ಹಿಡಿಸದಿದ್ದರೆ, ‘ಅಯ್ಯೋ, ನಿನ್ನೆ ತಾನೇ ಬೇರೆಯವರು ಅಡ್ವಾನ್ಸು ಕೊಟ್ಟು ಹೋದ್ರು’ ಅನ್ನುತ್ತಿದ್ದರು. ಈಗ ಟು ಲೆಟ್ ಬೋರ್ಡಿನ ಮೇಲೆ ‘ವೆಜ್ ಓನ್ಲಿ’ ಅಂತಲೇ ಇರುತ್ತದೆ. ಬ್ರೋಕರ್ ಫೋನಿನಲ್ಲಿ ಮೊದಲು ಹೆಸರು ಕೇಳುತ್ತಾನೆ. ಮುಸ್ಲಿಂ ಹೆಸರಾದರೆ ಓನರ್ ಊರಲ್ಲಿ ಇರುವುದಿಲ್ಲ. ಅಜ್ಜಿ ನೀರಾದರೂ ಕೊಡುತ್ತಿದ್ದರು.

ಒಂದೇ ಊರು ಎರಡಾಗಿ ಇರುವುದು ಬೆಂಗಳೂರಿಗೆ ಮೊದಲಿನಿಂದ ಅಭ್ಯಾಸ. 1949ರವರೆಗೆ ಪೇಟೆ ಕಡೆಗೆ ಒಂದು ಮುನಿಸಿಪಾಲಿಟಿ, ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಇನ್ನೊಂದು.

ಹಾಗಾದರೆ ಏನೂ ಬದಲಾಗಿಲ್ಲವಾ? ಆಗಿದೆ. ವಠಾರದಲ್ಲಿ ನಲ್ಲಿ ಬಂದ್ ಆದರೆ ಓನರಜ್ಜಿಗೂ ಬಂದ್. ಅವರೇ ಹೋಗಿ ವಾಟರ್‌ಮ್ಯಾನ್ ಹತ್ತಿರ ಗಲಾಟೆ ಮಾಡುತ್ತಿದ್ದರು, ಎಂಟೂ ಮನೆಗೆ ನೀರು ಬರುತ್ತಿತ್ತು. 2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾವು ಮಾಡಿದ್ದು ಇಷ್ಟೇ: ಮೆಂಟೆನೆನ್ಸ್ ಜಾಸ್ತಿ ಮಾಡಿ ಟ್ಯಾಂಕರ್ ತರಿಸಿದೆವು. ಅಕ್ಕನ ಬೀದಿಯಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ನೀರಿನ ಘಟಕದ ಮುಂದೆ ಕ್ಯೂ. ಅವರ ನೀರಿಗೂ ನಮ್ಮ ನೀರಿಗೂ ಸಂಬಂಧವೇ ಇಲ್ಲ. ಆಗ ಗಲಾಟೆ ಮಾಡುವ ಅಜ್ಜಿ ಎಲ್ಲಿಂದ ಬರಬೇಕು?

ಇನ್ನು ಈಜಿಪುರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾವು ಬೇಗ ಮರೆತೆವು. ಕೋರಮಂಗಲದ ಮಗ್ಗುಲಲ್ಲಿ ನಗರಪಾಲಿಕೆಯವರು ಬಡವರಿಗೆ ಅಂತ ಸುಮಾರು 1,500 ಮನೆಗಳ ಕ್ವಾರ್ಟರ್ಸ್ ಕಟ್ಟಿದ್ದರು. ಎಂಥ ಕಟ್ಟಡ ಅಂದರೆ ಕೆಲವೇ ವರ್ಷಕ್ಕೆ ಬ್ಲಾಕುಗಳು ಕುಸಿಯತೊಡಗಿದವು. ಪಕ್ಕದಲ್ಲೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಎತ್ತರದ ಫ್ಲಾಟುಗಳು ಗಟ್ಟಿಮುಟ್ಟಾಗಿ ನಿಂತಿದ್ದವು. ಕ್ವಾರ್ಟರ್ಸಿನ ಜನ ತಗಡಿನ ಶೆಡ್ಡಿಗೆ ಬಂದರು. ಆಮೇಲೆ ಜಾಗಕ್ಕೆ ಖಾಸಗಿ ಬಿಲ್ಡರ್ ಜೊತೆ ಒಪ್ಪಂದ ಆಯಿತು. ಒಂದಷ್ಟು ಜಾಗದಲ್ಲಿ ಬಡವರಿಗೆ ಮನೆ, ಉಳಿದದ್ದರಲ್ಲಿ ಮಾಲ್. 2013ರ ಜನವರಿಯಲ್ಲಿ ಪೊಲೀಸರು, ಜೆಸಿಬಿ ಬಂದವು. ಮೂರು ನಾಲ್ಕು ದಿನದಲ್ಲಿ ಶೆಡ್ಡುಗಳೆಲ್ಲ ನೆಲಸಮ. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಫುಟ್‌ಪಾತಿಗೆ ಬಂತು. ಜನವರಿ ಚಳಿ ಬೇರೆ. ಎಷ್ಟೋ ಕುಟುಂಬಗಳು ಅದೇ ಫುಟ್‌ಪಾತಿನಲ್ಲಿ ದಿನ ತಳ್ಳಿದವು. ಇನ್ನೆಷ್ಟೋ ಕುಟುಂಬಗಳು ಸರ್ಜಾಪುರ ರಸ್ತೆಯಾಚೆ ಸೂಲಿಕುಂಟೆಗೆ ಹೋದವು. ಖಾಲಿ ಮಾಡಿಸಿದ ಜಾಗ ಮಾತ್ರ ವರ್ಷಗಟ್ಟಲೆ ಖಾಲಿಯೇ ಬಿದ್ದಿತ್ತು.

‘ಬೇರೆ ಕಡೆ ಜಾಗ ಇದೆಯಲ್ಲ, ಇನ್ನೇನು?’ ಅಂತ ಕೇಳುವವರಿದ್ದಾರೆ. ಈಜಿಪುರದ ಹೆಂಗಸರು ಕೋರಮಂಗಲದ ಮನೆಗಳಿಗೆ ನಡೆದುಕೊಂಡು ಹೋಗುತ್ತಿದ್ದರು. ಬೆಳಗ್ಗೆ ಎರಡು ಮನೆ ಕೆಲಸ ಮುಗಿಸಿ, ಬಂದು ಮಗುವನ್ನು ಸ್ಕೂಲಿಗೆ ಕಳಿಸಿ, ಮತ್ತೆ ಮೂರನೇ ಮನೆಗೆ ಹೋಗಬಹುದಿತ್ತು. ಸೂಲಿಕುಂಟೆಯಿಂದ ಇದು ಆಗುತ್ತಾ? 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಆಯಿತು, ಬಹಳ ಒಳ್ಳೆಯದಾಯಿತು. ದುಡ್ಡು ಉಳಿಯಿತು. ಆದರೆ ಸರ್ಜಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಹೊತ್ತು ಉಳಿಯುತ್ತಾ? ಮನೆ ಅಂದರೆ ನಾಲ್ಕು ಗೋಡೆ, ಒಂದು ಸೂರು ಅಂತ ಲೆಕ್ಕ ಹಾಕುವ ಅಧಿಕಾರಿಗಳು ಒಂದು ವಾರ ಆ ಬಸ್ಸಿನಲ್ಲಿ ನಿಂತುಕೊಂಡು ಓಡಾಡಲಿ. ಬಡಾವಣೆಯಲ್ಲಿ ಪಾರ್ಕಿಗೆ ಇಷ್ಟು, ರಸ್ತೆಗೆ ಇಷ್ಟು ಅಂತ ಜಾಗ ಬಿಡಿಸುತ್ತೀರಲ್ಲ, ಅಲ್ಲೇ ಕೆಲಸ ಮಾಡುವವರ ಮನೆಗೂ ಇಷ್ಟು ಅಂತ ಬಿಡಿಸಿ. ಆ ಹೊರೆ ನಮ್ಮಂಥ ಫ್ಲಾಟಿನವರ ಮೇಲೂ ಬೀಳಲಿ. ಬಿದ್ದರೆ ನಾನು ಗೊಣಗುತ್ತೇನೆ, ಆದರೂ ಬೀಳಲಿ.

ಬಿಡಿಸದಿದ್ದರೆ ಏನಾಗುತ್ತದೆ ಅಂತ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ನೋಡಿದೆವು. ಸುತ್ತ ಟೆಕ್ ಪಾರ್ಕು, ಅಪಾರ್ಟ್‌ಮೆಂಟು. ಮಧ್ಯೆ ಶೆಡ್ಡುಗಳು. ಅಲ್ಲಿ ಕಾವಲು, ಕಸ, ಮನೆಕೆಲಸ, ಕಟ್ಟಡದ ಕೆಲಸ ಮಾಡುವವರು. ಬಾಂಗ್ಲಾದವರು ಸೇರಿಕೊಂಡಿದ್ದಾರೆ ಅಂತ ಒಂದು ವಿಡಿಯೊ ಹರಿದಾಡಿತು. 2020ರ ಜನವರಿಯಲ್ಲಿ ಶೆಡ್ಡುಗಳನ್ನು ಕೆಡವಿದರು. ಆಧಾರ್, ವೋಟರ್ ಕಾರ್ಡು ಹಿಡಿದು ನಿಂತವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟ್ ಸರ್ಕಾರವನ್ನು ಪ್ರಶ್ನೆ ಮಾಡಿತು. ಅಷ್ಟರಲ್ಲಿ ಶೆಡ್ಡು ಹೋಗಿತ್ತು. ಆ ವಿಡಿಯೊ ನಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿತ್ತು. ಅದಕ್ಕೆ ಹೆಬ್ಬೆರಳು ಎತ್ತಿದವರ ಮನೆಯಲ್ಲಿ ಮಾರನೇ ದಿನ ಕೆಲಸದವರು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅದೇ ಗ್ರೂಪಿನಲ್ಲಿ ಕೇಳಿದರು.

ಲಿಫ್ಟಿನ ಕಥೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಹೋದ ಭಾನುವಾರ ರಾತ್ರಿ ಕೆಳಗೆ ಇಳಿದು ಆ ಚೀಟಿ ಕಿತ್ತು ಹಾಕಿದೆ. ಯಾರೂ ನೋಡದ ಹೊತ್ತಲ್ಲಿ ಕಿತ್ತೆ, ಅಷ್ಟೇ ನನ್ನ ಧೈರ್ಯ. ಸೋಮವಾರ ಅಕ್ಕ ಬಂದವರೇ, ‘ಚೀಟಿ ಹೊಸದು ಹಾಕವ್ರೆ ಅಕ್ಕ’ ಅಂದರು. ಹೋಗಿ ನೋಡಿದೆ. ಈ ಸಲ ಲ್ಯಾಮಿನೇಷನ್ ಮಾಡಿಸಿ ಹಾಕಿದ್ದರು.