ಕ್ರೀಮ್ ಡಬ್ಬಿಯ ಮೇಲಿನ ಇಪ್ಪತ್ತು

ಕೇಳುಗರಿಗೆ ನಮಸ್ಕಾರ.

ಸಾರಿಗೆ ಹಾಕಿದ ಒಗ್ಗರಣೆ ಎಣ್ಣೆ ಮೇಲೆಯೇ ತೇಲುತ್ತದೆ, ಅಲ್ವಾ? ಸೌಟಿನಲ್ಲಿ ಎಷ್ಟು ತಿರುವಿದರೂ ಅಷ್ಟೇ. ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇರುವುದು ಬಹುಪಾಲು ನೀರು ಮತ್ತು ಎಣ್ಣೆ. ಅದು ಮಾತ್ರ ತಿಂಗಳುಗಟ್ಟಲೆ ಬೇರೆಯಾಗುವುದಿಲ್ಲ.

ಕೆಮಿಕಲ್ ಬೇಡ ಅಂತ ನಾನೂ ಒಮ್ಮೆ ಲೋಳೆಸರದ ರಸ, ಕೊಬ್ಬರಿ ಎಣ್ಣೆ ಎರಡನ್ನೂ ಮಿಕ್ಸಿಗೆ ಹಾಕಿದ್ದೆ. ಬೆಳ್ಳಗೆ, ಚೆನ್ನಾಗಿಯೇ ಬಂತು. ಬೆಳಗ್ಗೆ ನೋಡಿದರೆ ಎಣ್ಣೆ ಮೇಲೆ, ನೀರು ಕೆಳಗೆ!

ನನ್ನ ಬಟ್ಟಲಲ್ಲಿ ಇಲ್ಲದೆ ಹೋದದ್ದು ಎಮಲ್ಸಿಫೈಯರ್. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಎಣ್ಣೆಯ ಹನಿಗಳನ್ನು ಸುತ್ತುವರಿದು, ಒಂದಕ್ಕೊಂದು ಕೂಡದಂತೆ ತಡೆಯುತ್ತದೆ. ಸೋಪು ಮಾಡುವುದೂ ಇದೇ ಕೆಲಸ. ಹಳೆಯ ಕಾಲದ ಸ್ನೋ ನೆನಪಿದೆಯಾ? ಸ್ಟಿಯರಿಕ್ ಅನ್ನುವ ಕೊಬ್ಬಿನ ಆಮ್ಲಕ್ಕೆ ಸ್ವಲ್ಪ ಕ್ಷಾರ ಸೇರಿಸಿದರೆ ಒಂದು ಪಾಲು ಸೋಪಾಗಿ ಉಳಿದದ್ದನ್ನು ಹಿಡಿದುಕೊಳ್ಳುತ್ತಿತ್ತು. ಅದರ ಮುತ್ತಿನಂಥ ಹೊಳಪು ಉಳಿದ ಆಮ್ಲದ ಹರಳುಗಳದ್ದು. ಆದರೆ ನಿಂಬೆರಸ ಬಿದ್ದರೆ ಸ್ನೋ ಹಾಲಿನಂತೆ ಒಡೆಯುತ್ತದೆ.

ಹುಳಿಗೆ ಅಷ್ಟು ಬೇಗ ಬಗ್ಗದ ಎಮಲ್ಸಿಫೈಯರ್‌ಗಳು ಆಮೇಲೆ ಬಂದವು. ಸಕ್ಕರೆಯ ಬಳಗದ ಸಾರ್ಬಿಟಾಲ್‌ಗೆ ಕೊಬ್ಬಿನ ಆಮ್ಲ ಸೇರಿಸಿದರೆ ಸ್ಪ್ಯಾನ್. ಅದಕ್ಕೆ ಎಥಿಲೀನ್ ಆಕ್ಸೈಡ್ ಅನ್ನುವ ಅನಿಲ ಜೋಡಿಸಿದರೆ ಟ್ವೀನ್, ಅಂದರೆ ಪಾಲಿಸಾರ್ಬೇಟ್. ಯಾವುದಕ್ಕೆ ಎಣ್ಣೆಯ ಒಲವು, ಯಾವುದಕ್ಕೆ ನೀರಿನ ಒಲವು ಅಂತ ತಿಳಿಯಲು ಅಮೆರಿಕದ ವಿಲಿಯಂ ಗ್ರಿಫಿನ್ 1949ರಲ್ಲಿ ಒಂದು ಅಳತೆ ಕೊಟ್ಟರು. ಎಚ್‌ಎಲ್‌ಬಿ ಅಂತ ಹೆಸರು, ಅಂದರೆ ನೀರು-ಎಣ್ಣೆ ಒಲವುಗಳ ಸಮತೋಲ. ಸಂಖ್ಯೆ ಹೆಚ್ಚಿದಷ್ಟೂ ನೀರಿನ ಒಲವು ಹೆಚ್ಚು. ಸ್ಪ್ಯಾನ್ 60ಕ್ಕೆ 4.7, ಟ್ವೀನ್ 60ಕ್ಕೆ 14.9. ಸಮ ತೂಕದಲ್ಲಿ ಬೆರೆಸಿದರೆ 9.8. ಅಡುಗೆಮನೆ ಲೆಕ್ಕದಷ್ಟೇ ಸುಲಭ!

ಇನ್ನು ಲೇಬಲ್ ಮೇಲಿನ ಸಂಖ್ಯೆಗಳು. ಪಾಲಿಸಾರ್ಬೇಟ್ 80 ಅಂದರೆ 20ಕ್ಕಿಂತ ಜೋರು ಅಂತ ಸುಮ್ನೆ ಹೆದರಬೇಡಿ. ಆ ಸಂಖ್ಯೆ ಹೇಳುವುದು ಯಾವ ಕೊಬ್ಬಿನ ಆಮ್ಲ ಅನ್ನುವುದನ್ನು ಮಾತ್ರ. 20 ಅಂದರೆ ಲಾರಿಕ್ ಆಮ್ಲ, ನಮ್ಮ ಕೊಬ್ಬರಿ ಎಣ್ಣೆಯಲ್ಲಿ ಜಾಸ್ತಿ ಇರುವಂಥದ್ದು. 80 ಅಂದರೆ ಓಲಿಯಿಕ್. ಆದರೆ ಸೆಟಿಯರೆತ್-20 ಅನ್ನುವ ಇನ್ನೊಂದು ಎಮಲ್ಸಿಫೈಯರ್‌ನಲ್ಲಿ ಇಪ್ಪತ್ತರ ಅರ್ಥವೇ ಬೇರೆ. ಅಲ್ಲಿ ಅದು ಜೋಡಿಸಿದ ಎಥಿಲೀನ್ ಆಕ್ಸೈಡ್ ತುಣುಕುಗಳ ಸರಾಸರಿ ಲೆಕ್ಕ. ಹೆಸರಿಟ್ಟವರಿಗೆ ನಮ್ಮ ಮೇಲೆ ಕರುಣೆ ಇರಲಿಲ್ಲ ಅನಿಸುತ್ತದೆ.

ಹೆದರುವುದಿದ್ದರೆ ಸಂಖ್ಯೆಗಲ್ಲ, ಉಳಿಕೆಗೆ. ಎಥಿಲೀನ್ ಆಕ್ಸೈಡ್ ಜೋಡಿಸುವಾಗ 1,4-ಡೈಆಕ್ಸೇನ್ ಅನ್ನುವ ಬೇಡದ ವಸ್ತು ಚೂರು ಹುಟ್ಟುತ್ತದೆ. ಅದು ಕ್ಯಾನ್ಸರ್ ತರಬಹುದೆಂಬ ಅನುಮಾನವಿದೆ. ಗಾಳಿ ಹೀರಿ ನಿರ್ವಾತದಲ್ಲಿಟ್ಟರೆ ಅದನ್ನು ಬಹುಮಟ್ಟಿಗೆ ತೆಗೆಯಬಹುದು. ಆದರೆ ಅದು ಬೇಕಂತ ಹಾಕಿದ ಪದಾರ್ಥವಲ್ಲವಲ್ಲ, ಹಾಗಾಗಿ ಡಬ್ಬಿಯ ಪಟ್ಟಿಯಲ್ಲಿ ಅದರ ಹೆಸರು ಸಿಗುವುದಿಲ್ಲ.

ನಮಸ್ಕಾರ.