ನವೆಂಬರ್ ತಿಂಗಳ ಪ್ರಕಟಣೆಗಳು: ಕಾರು ಕಂಪನಿಗಳ ನಿರ್ಗಮನ ಮತ್ತು ಚಾಲಕರ ಪಾಡು

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಪೋರ್ಷೆ ಕಂಪನಿ 2025ರ ಅಕ್ಟೋಬರ್‌ನಲ್ಲಿ ತನ್ನ ತೀರ್ಮಾನವನ್ನು ಪ್ರಕಟಿಸಿದ ಮೇಲೆ ಈ ವಿಷಯವಾಗಿ ಮಾತನಾಡಬೇಕೆಂದು ಸಂಘಟಕರು ಕೇಳಿದರು. ಅವರು ಕೇಳದೆ ಹೋಗಿದ್ದರೂ ನಾನು ಎಲ್ಲಾದರೂ ಒಂದು ವೇದಿಕೆ ಹುಡುಕಿಕೊಂಡು ಈ ಮಾತನ್ನು ಆಡಿಯೇ ತೀರುತ್ತಿದ್ದೆ. ಗಂಟೆಗಟ್ಟಲೆ ಓಡುವ ರೇಸುಗಳ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ ಹೈಪರ್‌ಕಾರ್ ಎಂಬ ಮೇಲ್ದರ್ಜೆಯ ವಿಭಾಗದಿಂದ ಋತುವಿನ ಕೊನೆಗೆ ಹಿಂದೆ ಸರಿಯುವುದು, ಅಮೆರಿಕದ ಇಮ್ಸಾ ಸರಣಿಯನ್ನೂ ವಿದ್ಯುತ್ ಕಾರುಗಳ ಫಾರ್ಮುಲಾ ಇ ಸರಣಿಯನ್ನೂ ಉಳಿಸಿಕೊಳ್ಳುವುದು, ಇದು ಆ ತೀರ್ಮಾನದ ಸಾರ. ಫ್ರಾನ್ಸಿನ 24 ಗಂಟೆಗಳ ರೇಸಾದ ಲೆ ಮಾನ್‌ನಲ್ಲಿ 19 ಬಾರಿ ಒಟ್ಟಾರೆ ಗೆಲುವು ಕಂಡ, ಅದೇ ವರ್ಷದ ಜೂನ್‌ನಲ್ಲಿ 24 ಗಂಟೆ ಓಡಿದ ಮೇಲೂ ಗೆದ್ದ ಫೆರಾರಿಗಿಂತ ಕೇವಲ 14 ಸೆಕೆಂಡು ಹಿಂದೆ ಎರಡನೆಯದಾಗಿ ಬಂದ ಕಂಪನಿಯ ತೀರ್ಮಾನವಿದು. ಚೀನಾದಲ್ಲಿ ಕುಸಿದ ಮಾರಾಟ, ವಿದ್ಯುತ್ ಕಾರುಗಳ ಯೋಜನೆಯನ್ನು ಮತ್ತೆ ಬರೆಯಬೇಕಾಗಿ ಬಂದದ್ದರ ವೆಚ್ಚ, ಇಳಿದ ಲಾಭ, ಇವೆಲ್ಲ ನಿಮಗೆ ತಿಳಿದದ್ದೇ ಆದ್ದರಿಂದ ಅದನ್ನು ಮತ್ತೆ ವಿವರಿಸಿ ನಿಮ್ಮ ಸಮಯ ಕಳೆಯುವುದಿಲ್ಲ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಕಂಪನಿಗಳು ರೇಸಿಂಗ್ ಬಿಟ್ಟು ಹೋಗಬಾರದು ಎಂದು ವಾದಿಸಲು ನಾನು ಬಂದಿಲ್ಲ. ಕಾರು ಮಾರುವುದು ಅವರ ಕಸುಬು. ರೇಸಿಂಗ್ ಅವರ ಲೆಕ್ಕಪುಸ್ತಕದ ಒಂದು ಸಾಲು. ಆ ಸಾಲನ್ನು ಹೊಡೆದುಹಾಕುವ ಅಧಿಕಾರ ನಿರ್ದೇಶಕ ಮಂಡಳಿಗೆ ಇದ್ದೇ ಇದೆ. ನನ್ನ ತಕರಾರು ಇರುವುದು ದಿನಾಂಕದ ಬಗ್ಗೆ. ಯಾವ ಕಂಪನಿ ಹೊರಟಿತು, ಏಕೆ ಹೊರಟಿತು ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಯಾವ ತಾರೀಖಿನಂದು ಹೇಳಿತು ಎಂಬುದನ್ನು ನೋಡಿ, ಚಾಲಕರ ಗತಿ ಅಲ್ಲಿಯೇ ತಿಳಿಯುತ್ತದೆ.

ಕಾರ್ಖಾನೆ ಚಾಲಕ ಎಂದರೆ ಯಾರು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಅವನ ಒಪ್ಪಂದ ಇರುವುದು ತಂಡದೊಂದಿಗಲ್ಲ, ತಯಾರಕರೊಂದಿಗೆ. ಕಂಪನಿ ಕಳಿಸಿದ ಕಡೆ ಹೋಗಿ ಅವನು ಓಡಿಸುತ್ತಾನೆ, ರೇಸ್ ಇಲ್ಲದ ವಾರಗಳಲ್ಲಿ ಸಿಮ್ಯುಲೇಟರ್‌ನಲ್ಲಿ ಕೂರುತ್ತಾನೆ, ಟೈರು, ಬ್ರೇಕು, ಸಾಫ್ಟ್‌ವೇರ್ ಎಂದು ಸಾವಿರಾರು ಕಿಲೋಮೀಟರು ಪರೀಕ್ಷೆ ನಡೆಸುತ್ತಾನೆ. ಹೀಗೆ ವರ್ಷಗಟ್ಟಲೆ ಒಂದೇ ಕಾರಿಗಾಗಿ ತನ್ನನ್ನು ಹದಗೊಳಿಸಿಕೊಂಡವನಿಗೆ ಕಾರ್ಯಕ್ರಮ ನಿಂತಾಗ ಒಪ್ಪಂದದ ಹಣವೇನೋ ಬಹುಪಾಲು ಸಲ್ಲುತ್ತದೆ, ಸೀಟು ಸಿಗುವುದಿಲ್ಲ. ರೇಸಿಂಗ್ ಚಾಲಕನ ಬೆಲೆ ನಿಲ್ಲುವುದು ಹಿಂದಿನ ಋತುವಿನ ಫಲಿತಾಂಶದ ಮೇಲೆ. ಒಂದು ವರ್ಷ ಮನೆಯಲ್ಲಿ ಕುಳಿತವನನ್ನು ಆಮೇಲೆ ಕರೆಯುವವರು ಕಡಿಮೆ.

ದಿನಾಂಕಗಳಿಗೆ ಬರೋಣ. ಹೋಂಡಾ ಫಾರ್ಮುಲಾ ಒನ್ ಬಿಡುವುದಾಗಿ ಘೋಷಿಸಿದ್ದು 2008ರ ಡಿಸೆಂಬರ್ 5ರಂದು. ಟೊಯೋಟಾ ಘೋಷಿಸಿದ್ದು 2009ರ ನವೆಂಬರ್ 4ರಂದು. ಫೋಕ್ಸ್‌ವ್ಯಾಗನ್ ವಿಶ್ವ ರ‍್ಯಾಲಿ ಬಿಟ್ಟದ್ದು 2016ರ ನವೆಂಬರ್ 2ರಂದು. ಪ್ಯೂಜೋ ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ: ಅದು ತನ್ನ ಲೆ ಮಾನ್ ಕಾರ್ಯಕ್ರಮವನ್ನು ರದ್ದುಮಾಡಿದ್ದು 2012ರ ಜನವರಿಯ ಮಧ್ಯದಲ್ಲಿ, ತಂಡ ಅಮೆರಿಕದ ಸೆಬ್ರಿಂಗ್‌ನಲ್ಲಿ ಆ ವರ್ಷದ ಕಾರನ್ನು ಪರೀಕ್ಷಿಸುತ್ತಿದ್ದ ಹೊತ್ತಿನಲ್ಲಿ! ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ ಹುಟ್ಟಿದ್ದೇ ಆ ವರ್ಷ. ಮೊದಲ ರೇಸಿನ ಬಾವುಟ ಹಾರುವ ಮೊದಲೇ ಅದರ ದೊಡ್ಡ ಎರಡು ತಂಡಗಳಲ್ಲಿ ಒಂದು ಕಾಣೆಯಾಗಿತ್ತು.

ಈಗ ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಇದನ್ನು ನನ್ನಿಂದ ಹಿಂದೆ ಕೇಳಿದವರು ಈ ಸಭೆಯಲ್ಲಿ ಇದ್ದರೆ ದಯವಿಟ್ಟು ಪಕ್ಕದವರಿಗೆ ಅಂತ್ಯವನ್ನು ಹೇಳಬೇಡಿ.

2009ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಾದ ಅರ್ಹತಾ ಸುತ್ತಿನಲ್ಲಿ ಟೊಯೋಟಾದ ಟಿಮೊ ಗ್ಲೋಕ್ ಕಾರು ಗುದ್ದಿ ಗಾಯಗೊಂಡರು. ಅವರ ಜಾಗಕ್ಕೆ ಬಂದವರು ಟೊಯೋಟಾ ಸಾಕಿ ಬೆಳೆಸಿದ್ದ ಪರೀಕ್ಷಾ ಚಾಲಕ ಕಮುಯಿ ಕೊಬಯಾಶಿ. ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಅವರ ಮೊದಲ ರೇಸ್. ಚಾಂಪಿಯನ್ ಪಟ್ಟಕ್ಕಾಗಿ ಹೋರಾಡುತ್ತಿದ್ದ ಜೆನ್ಸನ್ ಬಟನ್ ಹಿಂದಿನಿಂದ ಬಂದರು. ಹೊಸಬರು ಇಂಥ ಸಂದರ್ಭದಲ್ಲಿ ವಿನಯದಿಂದ ದಾರಿ ಬಿಡುವುದು ವಾಡಿಕೆ. ಕೊಬಯಾಶಿ ಸುತ್ತಿನ ಮೇಲೆ ಸುತ್ತು ದಾರಿಯನ್ನೇ ಕೊಡಲಿಲ್ಲ. ಅಬುಧಾಬಿಯಲ್ಲಿ ಎರಡನೇ ರೇಸ್, ನವೆಂಬರ್ 1. ರೇಸಿನ ನಡುವೆ ಟೈರು ಬದಲಿಸುವ ಜಾಗವಾದ ಪಿಟ್‌ನಿಂದ ಹೊರಬರುತ್ತಿದ್ದ ಬಟನ್, ಆಗಲೇ ವಿಶ್ವ ಚಾಂಪಿಯನ್ ಆಗಿದ್ದವರು, ಇನ್ನೂ ವೇಗ ಹಿಡಿಯುವುದರೊಳಗೆ ಕೊಬಯಾಶಿ ಅವರನ್ನು ಹಿಂದಿಕ್ಕಿ ಆರನೆಯವರಾಗಿ ಮುಗಿಸಿದರು. ಮುಂದಿನ ವರ್ಷ ಟೊಯೋಟಾದ ಒಂದು ಸೀಟು ಇವರದ್ದೇ ಎಂದು ಎಲ್ಲರೂ ಅಂದುಕೊಂಡರು.

ಮೂರು ದಿನಗಳ ನಂತರ ಟೊಯೋಟಾ ಅಂಗಡಿ ಮುಚ್ಚಿತು. 2002ರಿಂದ ಎಂಟು ಋತು ಓಡಿ, ನೀರಿನಂತೆ ಹಣ ಸುರಿದು, 13 ಬಾರಿ ಪೋಡಿಯಂ ಏರಿ, ಒಂದೇ ಒಂದು ರೇಸನ್ನೂ ಗೆಲ್ಲದ ತಂಡದ ಮುಖ್ಯಸ್ಥ ತಾದಾಶಿ ಯಾಮಾಶಿನಾ ಪತ್ರಿಕಾಗೋಷ್ಠಿಯಲ್ಲಿ ಎಲ್ಲರೆದುರು ಕಣ್ಣೀರು ಹಾಕಿದರು. ಕೊಬಯಾಶಿಯ ಕೈಯಲ್ಲಿ ಉಳಿದದ್ದು ಎರಡು ರೇಸುಗಳ ಫಲಿತಾಂಶ. ಸೀಟು ಸಿಗದಿದ್ದರೆ ಅಪ್ಪನ ಸುಶಿ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ ಎಂದು ಅವರು ಹೇಳಿದ್ದನ್ನು ಪತ್ರಿಕೆಗಳು ತಮಾಷೆಯಾಗಿ ಅಚ್ಚುಮಾಡಿದವು. ಅದು ತಮಾಷೆಯಾಗಿತ್ತೆಂದು ನನಗೇನೂ ಅನಿಸುವುದಿಲ್ಲ.

ಆಮೇಲೆ ನಡೆದದ್ದು ನೋಡಿ. ಅದೇ ವರ್ಷ ಬಿಎಂಡಬ್ಲ್ಯುವೂ ಫಾರ್ಮುಲಾ ಒನ್ ಬಿಟ್ಟಿತ್ತು, ಆದರೆ ಅದು ಹೇಳಿದ್ದು ಜುಲೈ 29ರಂದು. ತಾರೀಖನ್ನು ಗಮನಿಸಿ. ತಂಡವನ್ನು ಉಳಿಸಲು ಹಳೆಯ ಮಾಲೀಕ ಪೀಟರ್ ಸೌಬರ್ ಅವರಿಗೆ ತಿಂಗಳುಗಳ ಕಾಲಾವಕಾಶ ಸಿಕ್ಕಿತು. ಅವರು ಅದನ್ನು ಮರಳಿ ಕೊಂಡರು. ಪ್ರವೇಶ ಪಟ್ಟಿಯಲ್ಲಿ ಮಾತ್ರ ಜಾಗವಿರಲಿಲ್ಲ. ಆ ಜಾಗ ತೆರವಾದದ್ದು ಟೊಯೋಟಾ ಹೊರಟದ್ದರಿಂದ! ಟೊಯೋಟಾ ಬಿಟ್ಟ ಜಾಗ ಸೌಬರ್‌ಗೆ ಸಿಕ್ಕಿತು, ಸೌಬರ್ ಡಿಸೆಂಬರ್‌ನಲ್ಲಿ ಟೊಯೋಟಾ ಬಿಟ್ಟ ಚಾಲಕನನ್ನೇ ಕರೆದುಕೊಂಡರು. 2012ರಲ್ಲಿ ಸುಜುಕಾದಲ್ಲಿ ಕೊಬಯಾಶಿ ಮೂರನೆಯವರಾಗಿ ಪೋಡಿಯಂ ಏರಿದಾಗ ಪ್ರೇಕ್ಷಕರ ಗ್ಯಾಲರಿ ಅವರ ಹೆಸರನ್ನು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತು. ಆ ಋತುವಿನ ಕೊನೆಗೆ ಸೌಬರ್ ತಂಡವೂ ಅವರನ್ನು ಕೈಬಿಟ್ಟಿತು ಎನ್ನುವುದು ಬೇರೆ ಮಾತು.

ಕಥೆ ಇನ್ನೂ ಮುಗಿದಿಲ್ಲ. 2016ರಲ್ಲಿ ಅವರು ಟೊಯೋಟಾದ ಲೆ ಮಾನ್ ತಂಡಕ್ಕೆ ಮರಳಿದರು. 2017ರಲ್ಲಿ 3 ನಿಮಿಷ 14.791 ಸೆಕೆಂಡಿನ ದಾಖಲೆಯ ಸುತ್ತು ಓಡಿಸಿ ಮೊದಲ ಸಾಲಿನಿಂದ ಹೊರಟರು. ರಾತ್ರಿ ಎಲ್ಲರ ವೇಗ ತಗ್ಗಿಸುವ ಸುರಕ್ಷತಾ ಕಾರು ಓಡುತ್ತಿದ್ದಾಗ, ಪಿಟ್ ದಾರಿಯ ಕೊನೆಯಲ್ಲಿ ಕೆಂಪು ದೀಪಕ್ಕೆ ಕಾದು ನಿಂತಿದ್ದ ಅವರ ಬಳಿ ಕಿತ್ತಳೆ ಬಣ್ಣದ ಉಡುಪಿನ ವ್ಯಕ್ತಿಯೊಬ್ಬ ಬಂದು ಹೆಬ್ಬೆರಳೆತ್ತಿ ತೋರಿಸಿದ. ಟ್ರ್ಯಾಕಿನ ಅಧಿಕಾರಿ ಹೋಗಲು ಹೇಳುತ್ತಿದ್ದಾನೆ ಎಂದುಕೊಂಡು ಕೊಬಯಾಶಿ ಹೊರಟರು. ತಂಡ ನಿಲ್ಲಿ ಎಂದಿತು. ನಿಂತರು, ಹೊರಟರು, ಮತ್ತೆ ನಿಂತರು. ಆ ಕಾರು ಪಿಟ್‌ನಿಂದ ಹೊರಡಬೇಕಾದದ್ದು ವಿದ್ಯುತ್ ಮೋಟಾರಿನ ಬಲದಿಂದ. ಎಂಜಿನ್ನಿನ ಬಲದಿಂದ ಹೀಗೆ ಮತ್ತೆ ಮತ್ತೆ ಎಳೆದಾಗ ಕ್ಲಚ್ ಸುಟ್ಟುಹೋಯಿತು, ಮುಂಚೂಣಿಯಲ್ಲಿದ್ದ ಕಾರು ರೇಸಿನಿಂದಲೇ ಹೊರಬಿತ್ತು. ಹೆಬ್ಬೆರಳೆತ್ತಿದವನು ಅಧಿಕಾರಿಯೇ ಅಲ್ಲ, ಬೇರೊಂದು ತಂಡದ ಚಾಲಕ. ಶುಭ ಹಾರೈಸಲು ಬಂದಿದ್ದನಂತೆ. ಅಭಿಮಾನಿಗಳು ಬೇಕು, ಆದರೆ ಪಿಟ್ ದಾರಿಯಿಂದ ಸ್ವಲ್ಪ ದೂರದಲ್ಲಿ ಇರಲಿ ಎಂದು ನಾನು ಆಗಾಗ ಹೇಳುವುದು ಇದಕ್ಕೇ.

2021ರಲ್ಲಿ ಕೊಬಯಾಶಿ ಲೆ ಮಾನ್ ಗೆದ್ದರು, ಅದೇ ವರ್ಷದ ಕೊನೆಯಲ್ಲಿ ಟೊಯೋಟಾ ಅವರನ್ನು ಆ ತಂಡದ ಮುಖ್ಯಸ್ಥರನ್ನಾಗಿಯೇ ನೇಮಿಸಿತು. ಕಂಪನಿ ಬೀದಿಗೆ ಬಿಟ್ಟ ಚಾಲಕ ಹನ್ನೆರಡು ವರ್ಷಗಳ ಮೇಲೆ ಅದೇ ಕಂಪನಿಯ ರೇಸಿಂಗ್ ತಂಡ ನಡೆಸುವಂತಾದ. ಈ ಕಥೆ ಇಷ್ಟವಾದರೂ ನಾನು ಇದನ್ನು ಹಿತಕರ ಕಥೆಯೆಂದು ಹೇಳುತ್ತಿಲ್ಲ. ಇದರಲ್ಲಿ ಕೊಬಯಾಶಿಯನ್ನು ಉಳಿಸಿದ್ದು ಟೊಯೋಟಾದ ದಾಕ್ಷಿಣ್ಯವಲ್ಲ. ಬಿಎಂಡಬ್ಲ್ಯುವಿನ ಜುಲೈ ತಿಂಗಳು.

ಇದೇ ವಾದಕ್ಕೆ ಇನ್ನೊಂದು ಸಾಕ್ಷಿ. ಪೋರ್ಷೆ ಹಿಂದೊಮ್ಮೆಯೂ ಲೆ ಮಾನ್‌ನ ಮೇಲ್ದರ್ಜೆಯನ್ನು ಬಿಟ್ಟಿತ್ತು. ಸತತ ಮೂರು ಗೆಲುವುಗಳ ನಂತರ, 2017ರ ಜುಲೈ ಕೊನೆಯಲ್ಲಿ ಅದು ಹಾಗೆಂದು ಹೇಳಿತು. ಜುಲೈ ಎಂಬುದನ್ನು ಮತ್ತೆ ಗಮನಿಸಿ. ಅಕ್ಟೋಬರ್ ಹೊತ್ತಿಗೆ ಅದರ ಚಾಲಕ ಬ್ರೆಂಡನ್ ಹಾರ್ಟ್ಲಿ ಫಾರ್ಮುಲಾ ಒನ್‌ನಲ್ಲಿ ಟೋರೊ ರೊಸ್ಸೊ ಕಾರಿನಲ್ಲಿ ಕುಳಿತಿದ್ದರು. ಆಂದ್ರೆ ಲಾಟರರ್ ಫಾರ್ಮುಲಾ ಇಯಲ್ಲಿ ಸೀಟು ಹಿಡಿದರು. ಸಮಯವಿದ್ದರೆ ಚಾಲಕ ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತಾನೆ.

ಇದಕ್ಕೆ ಪ್ರತಿಯಾಗಿ ಫೋಕ್ಸ್‌ವ್ಯಾಗನ್ನಿನ ನವೆಂಬರ್ ಅನ್ನು ಇಡಿ. ಒಳ್ಳೆಯ ಚಾಲಕನಿಗೆ ಎಲ್ಲಿಯಾದರೂ ಸೀಟು ಸಿಕ್ಕೇ ಸಿಗುತ್ತದೆ ಎನ್ನುವವರು ಉಂಟು. ಚಾಂಪಿಯನ್ನನ ಮಟ್ಟಿಗೆ ಆ ಮಾತು ನಿಜ: 1955ರಲ್ಲಿ ಮರ್ಸಿಡಿಸ್ ಹೊರಟಾಗ ಫಾಂಜಿಯೊ ಫೆರಾರಿಗೆ ಹೋಗಿ ಮರುವರ್ಷವೇ ಪಟ್ಟ ಗೆದ್ದರು, 2016ರಲ್ಲಿ ಫೋಕ್ಸ್‌ವ್ಯಾಗನ್ ಹೊರಟಾಗ ಅದರ ಚಾಂಪಿಯನ್ ಸೆಬಾಸ್ಟಿಯನ್ ಓಜಿಯೇ ಫೋರ್ಡ್ ಫಿಯೆಸ್ಟಾ ಹತ್ತಿ ಮರುವರ್ಷದ ಜನವರಿಯಲ್ಲೇ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಫೋಕ್ಸ್‌ವ್ಯಾಗನ್ ತಂಡದ ಎರಡನೆಯ ಚಾಲಕ ಲಾತ್ವಾಲಾಗೆ ಟೊಯೋಟಾ ಸಿಕ್ಕಿತು. ಮೂರನೆಯವರಾದ ಆಂದ್ರಿಯಾಸ್ ಮಿಕ್ಕೆಲ್ಸನ್ ನಿರ್ಗಮನದ ಪ್ರಕಟಣೆ ಹೊರಬಿದ್ದ ಮೇಲೆ ನಡೆದ ಋತುವಿನ ಕೊನೆಯ ಆಸ್ಟ್ರೇಲಿಯಾ ರ‍್ಯಾಲಿಯನ್ನು ಗೆದ್ದು ಕೊಟ್ಟರು. ಹೊಸ ವರ್ಷ ಬಂದಾಗ ಮೇಲ್ದರ್ಜೆಯಲ್ಲಿ ಅವರಿಗೆ ಕಾರೇ ಇರಲಿಲ್ಲ. ಎರಡನೆಯ ದರ್ಜೆಯ ಸ್ಕೋಡಾದಲ್ಲಿ ಋತು ಆರಂಭಿಸಿದರು. ಕೊನೆಯ ರ‍್ಯಾಲಿ ಗೆದ್ದವನು ಮುಂದಿನ ರ‍್ಯಾಲಿಗೆ ಕೆಳದರ್ಜೆಯ ಕಾರಿನಲ್ಲಿ ಹೋಗಬೇಕಾಗಿ ಬಂದದ್ದಕ್ಕೆ ಅವನ ಚಾಲನೆ ಕಾರಣವೇ, ತಾರೀಖು ಕಾರಣವೇ? ಅತ್ತ 2017ರ ನಿಯಮಗಳಿಗೆ ತಕ್ಕಂತೆ ಸಿದ್ಧವಾಗಿದ್ದ ಹೊಸ ಪೋಲೋ ಕಾರು ಒಂದೇ ಒಂದು ರ‍್ಯಾಲಿಯನ್ನೂ ಓಡದೆ ಗೋದಾಮು ಸೇರಿತು. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬ ಹಾಗೆ, ಪ್ರಕಟಣೆಗೆ ಸಹಿ ಹಾಕಿದವರಿಗೆ ಮಾತ್ರ ಮರುದಿನವೂ ಅದೇ ಕುರ್ಚಿ.

ಹೋಂಡಾ ಬಗ್ಗೆ ದೀರ್ಘವಾಗಿ ಹೇಳಬೇಕೆಂದಿದ್ದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚುಟುಕಾಗಿ ಹೇಳುತ್ತೇನೆ. ಹೋಂಡಾ ತಂಡವನ್ನು ನಾಮಮಾತ್ರದ ಒಂದು ಪೌಂಡಿಗೆ ಅದರ ಮುಖ್ಯಸ್ಥ ರಾಸ್ ಬ್ರಾನ್ ಅವರಿಗೆ ಬಿಟ್ಟುಕೊಟ್ಟಿತು, 2009ರ ಮಾರ್ಚ್ ಮೊದಲ ವಾರದವರೆಗೂ ಅದರ ಚಾಲಕರಾದ ಬಟನ್ ಮತ್ತು ಬ್ಯಾರಿಕೆಲ್ಲೊಗೆ ತಮ್ಮ ಭವಿಷ್ಯ ಏನೆಂದು ಖಚಿತವಾಗಿರಲಿಲ್ಲ, ಮಾರ್ಚ್ 29ರಂದು ಮೆಲ್ಬರ್ನ್‌ನಲ್ಲಿ ಅವರಿಬ್ಬರೇ ಮೊದಲ ಎರಡು ಸ್ಥಾನ ಪಡೆದರು, ವರ್ಷದ ಕೊನೆಗೆ ಎರಡೂ ಪಟ್ಟಗಳು ಆ ತಂಡದ್ದಾದವು. ತಡವಾಗಿ ಹೊರಟರೂ ಕಾರನ್ನೂ ಕಾರ್ಖಾನೆಯನ್ನೂ ಹಿಂದೆ ಬಿಟ್ಟುಹೋದ ಕಾರಣಕ್ಕೆ ಹೋಂಡಾವನ್ನು ನಾನು ಅರ್ಧ ಕ್ಷಮಿಸುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಎರಡೇ. ಮುಂದಿನ ಋತುವಿನಲ್ಲಿ ಇರುತ್ತೇವೋ ಇಲ್ಲವೋ ಎಂಬುದನ್ನು ತಯಾರಕರು ಜುಲೈ ಮುಗಿಯುವುದರೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಹೋಗುವವರು ಕಾರನ್ನು ಖಾಸಗಿ ತಂಡಗಳಿಗೆ ಲಭ್ಯವಾಗುವಂತೆ ಬಿಟ್ಟುಹೋಗಬೇಕು. ಖಾಸಗಿ ತಂಡಗಳಿಂದ ಏನಾಗುತ್ತದೆ ಎನ್ನುವವರಿಗೆ ಎರಡು ಉತ್ತರ: 2024ರಲ್ಲಿ ಬೆಲ್ಜಿಯಂನ ಸ್ಪಾ ರೇಸನ್ನು ಗೆದ್ದದ್ದು ಖಾಸಗಿ ಜೋಟಾ ತಂಡದ ಪೋರ್ಷೆ, 2025ರಲ್ಲಿ ಲೆ ಮಾನ್ ಗೆದ್ದ ಹಳದಿ ಫೆರಾರಿ ಕಾರ್ಖಾನೆಯ ಅಧಿಕೃತ ಪ್ರವೇಶವಲ್ಲ, ಅದನ್ನು ಓಡಿಸಿದ ಮೂವರಲ್ಲಿ ಒಬ್ಬರು, 2009ರಲ್ಲಿ ಬಿಎಂಡಬ್ಲ್ಯು ಹೊರಟಾಗ ಸೀಟು ಕಳೆದುಕೊಂಡಿದ್ದ ರಾಬರ್ಟ್ ಕುಬಿತ್ಸಾ.

ಇಂಥ ನಿಯಮವನ್ನು ದೊಡ್ಡ ಕಂಪನಿಗಳು ಒಪ್ಪುವುದಿಲ್ಲ ಎಂದು ಈಗ ಯಾರಾದರೂ ಎದ್ದು ಕೇಳುತ್ತೀರಿ. 2025ರ ಋತುವಿನಿಂದ ಹೈಪರ್‌ಕಾರ್ ವಿಭಾಗದ ಪ್ರತಿ ತಯಾರಕರೂ ಕನಿಷ್ಠ ಎರಡು ಕಾರುಗಳನ್ನು ಇಳಿಸಲೇಬೇಕೆಂಬ ನಿಯಮ ಬಂತು. ಒಂದು ಇಡೀ ಕಾರಿನ ಹೆಚ್ಚುವರಿ ಖರ್ಚನ್ನು ಕಂಪನಿಗಳ ತಲೆಗೆ ಕಟ್ಟಲು ಸಾಧ್ಯವಾದ ಆಡಳಿತಕ್ಕೆ ಒಂದು ತಾರೀಖನ್ನು ಕಟ್ಟಲು ಆಗುವುದಿಲ್ಲವೇ? ಜುಲೈನಲ್ಲಿ ಮುಂದಿನ ವರ್ಷದ ಲಾಭನಷ್ಟ ತಿಳಿಯುವುದಿಲ್ಲ ಎನ್ನುವ ವಾದವನ್ನೂ ನಾನು ಕೇಳಿದ್ದೇನೆ. 2009ರಲ್ಲಿ ಬಿಎಂಡಬ್ಲ್ಯುವಿಗೆ, 2017ರಲ್ಲಿ ಇದೇ ಪೋರ್ಷೆಗೆ ಅದು ತಿಳಿದಿತ್ತು.

ಮೆಕ್ಯಾನಿಕ್‌ಗಳು, ಎಂಜಿನಿಯರುಗಳು, ರೆನೋ ತನ್ನ ವಿರಿ ಶಾಟಿಲೋನ್ ಕಾರ್ಖಾನೆಯಲ್ಲಿ ಫಾರ್ಮುಲಾ ಒನ್ ಎಂಜಿನ್ ಕೆಲಸ ನಿಲ್ಲಿಸುವುದಾಗಿ 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೇಳಿದ್ದು, ಅದಕ್ಕೂ ಮೊದಲೇ ನೌಕರರು ಮೋಂಜಾದಲ್ಲಿ ಪ್ರತಿಭಟಿಸಿದ್ದು, ಇವುಗಳ ಟಿಪ್ಪಣಿ ನನ್ನ ಕೈಯಲ್ಲೇ ಉಳಿಯಿತು. ಪ್ರಶ್ನೋತ್ತರಕ್ಕೆ ಇಟ್ಟ ಸಮಯವನ್ನೂ ನಾನೇ ತಿಂದುಹಾಕಿದರೆ ಸಂಘಟಕರು ಮತ್ತೆ ಕರೆಯುವುದಿಲ್ಲ. ಆ ವಿಷಯವನ್ನು ಯಾರಾದರೂ ಪ್ರಶ್ನೆಯಾಗಿ ಎತ್ತಿದರೆ ಉಪಕಾರವಾಗುತ್ತದೆ.